ಬರಲಾಗದವರ ಪಾತ್ರ

ಇಸ್ಪೀಟಿಗೆ ಒಬ್ಬ ಬರದಿದ್ದರೆ ಉಳಿದವರು ಎಲೆ ಹಂಚಿಕೊಂಡು ಆಡುತ್ತಾರೆ. ಕಬಡ್ಡಿಗೆ ಬರದಿದ್ದರೆ ಓಣಿಯಿಂದ ಇನ್ನೊಬ್ಬನನ್ನು ಎಳೆದು ತರುತ್ತಾರೆ. ಲಾತೂರ ಜಿಲ್ಲೆಯ ವಲಾಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ಆಡುವ ಆಟದಲ್ಲಿ ಮಾತ್ರ ಬರದವನು ಪೂರ್ತಿ ಇಲ್ಲವಾಗುವುದಿಲ್ಲ. ಅವನು ಬಂದಿರುವುದಿಲ್ಲ, ಅವನ ಪಾತ್ರ ಅಲ್ಲೇ ಇರುತ್ತದೆ. ಹಿಂದಿನ ಸಲ ಆಟ ನಿಂತಾಗ ಅದು ಗವಿಯ ಬಾಯಲ್ಲಿ ಕೊಡಲಿ ಹಿಡಿದು ನಿಂತಿತ್ತು, ಒಳಗಿನಿಂದ ಏನೋ ಉಸಿರಾಡುವ ಸಪ್ಪಳ ಬರುತ್ತಿತ್ತು. ಈಗ ಆ ಕೊಡಲಿಯವನನ್ನು ಏನು ಮಾಡಬೇಕು? ಗವಿಯತನಕ ಜೊತೆಗೆ ಬಂದ ಮನುಷ್ಯ ಒಮ್ಮೆಲೇ ಕಾಣದಂತಾದರೆ ಜೊತೆಗಾರರು ಕೇಳದೆ ಇರುತ್ತಾರೆಯೇ, ಎಲ್ಲಿ ಹೋದ ಅಂತ? ಅದಕ್ಕೆ ಉತ್ತರ ಹುಡುಕುವುದು ನನ್ನ ಪಾಲಿಗೆ ಬಂದ ಕೆಲಸ. ಈ ಆಟದಲ್ಲಿ ನಾನು ಮನಸ್ಸಿಟ್ಟು ಮಾಡುವ ಕೆಲಸವೂ ಅದೇ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ ಇದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೂರು ತೆಳು ಪುಸ್ತಿಕೆಗಳ ರೂಪದಲ್ಲಿ ಹೊರಬಂತು. ಒಬ್ಬ ಆಟ ನಡೆಸುತ್ತಾನೆ, ಅವನಿಗೆ ಡಿಎಂ ಅನ್ನುತ್ತಾರೆ. ಉಳಿದವರು ತಲಾ ಒಂದು ಪಾತ್ರ ಕಟ್ಟಿಕೊಂಡು ಕೂಡುತ್ತಾರೆ: ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಗುಡ್ಡದ ಕುಳ್ಳ. ಮುಂದೆ ಹಳ್ಳ ಇದೆ, ಆಚೆ ದಡದಲ್ಲಿ ಬೆಂಕಿ ಕಾಣುತ್ತಿದೆ, ಏನು ಮಾಡುತ್ತೀರಿ ಎಂದು ಡಿಎಂ ಕೇಳುತ್ತಾನೆ. ಅವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗೆದ್ದವರು ಸೋತವರು ಎಂಬುದಿಲ್ಲ, ಕಥೆ ವರ್ಷಗಟ್ಟಲೆ ಸಾಗುತ್ತದೆ.

ಕಾಸರಗೋಡಿನ ಕಡೆಯವರಿಗಾದರೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಗಿಲ್ಲ. ಅವರ ತಾಳಮದ್ದಳೆ ಇದಕ್ಕೆ ತೀರ ಹತ್ತಿರದ್ದು. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಕೂತ ಮನುಷ್ಯ ಭಾಗವತರ ಪದ ಮುಗಿದ ಕೂಡಲೇ ಕರ್ಣನಾಗಿಬಿಡುತ್ತಾನೆ, ಎದುರಿಗಿರುವವನು ಕೃಷ್ಣನಾಗಿ ಅವನನ್ನು ಕೆದಕುತ್ತಾನೆ, ಇಬ್ಬರಿಗೂ ಬರೆದಿಟ್ಟ ಮಾತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೀಗೆ ಕೂತಲ್ಲೇ ಇರುಳು ಬೆಳಗು ಮಾಡಿದರು. ಆದರೆ ಅಲ್ಲಿ ಕರ್ಣನ ಅರ್ಥ ಹೇಳುವವರು ಬರದಿದ್ದರೆ ಇನ್ನೊಬ್ಬರು ಹೇಳುತ್ತಾರೆ, ಏಕೆಂದರೆ ಕರ್ಣ ಎಲ್ಲರವನು. ನಮ್ಮ ಆಟದ ಕುಳ್ಳ ಹಾಗಲ್ಲ. ಅವನು ನನ್ನ ದೊಡ್ಡಪ್ಪನ ಮಗನೊಬ್ಬನವನೇ. ಅವನ ಸಿಟ್ಟು, ಅವನ ಜಿಪುಣತನ, ಕೊಡಲಿಗೆ ಅವನಿಟ್ಟ ಹೆಸರು, ಎಲ್ಲ ಇವನ ತಲೆಯಲ್ಲಿ ಹುಟ್ಟಿದ್ದು. ಬೇರೆಯವರು ಮುಟ್ಟುವಂತಿಲ್ಲ.

ನಮ್ಮಲ್ಲಿ ಬರದವರು ಯಾಕೆ ಬರುವುದಿಲ್ಲ ಎಂದು ಹೇಳಿದರೆ ಈ ಸೀಮೆಯ ಅರ್ಧ ಬದುಕು ಹೇಳಿದಂತೆ.

ದೊಡ್ಡಪ್ಪನ ಮಗ ಊರಲ್ಲೇ ಇರುವ ಒಕ್ಕಲಿಗ. ಇಲ್ಲಿ ಹೊಲದ ಪಂಪಿಗೆ ತ್ರೀ-ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಒಂದಷ್ಟು ದಿನ ಹಗಲು, ಒಂದಷ್ಟು ದಿನ ರಾತ್ರಿ. ರಾತ್ರಿ ಪಾಳಿ ಬಂತೆಂದರೆ ಅವನು ಬ್ಯಾಟರಿ ಹಿಡಿದು ಕಡಲೆಗೆ ನೀರು ಬಿಡಲು ಹೋಗುತ್ತಾನೆ. ಚಳಿ, ಕೆಸರು, ಹಾವಿನ ಅಂಜಿಕೆ. ಅಣ್ಣನ ಮಗ ಲಾತೂರಿನಲ್ಲಿ ಹನ್ನೆರಡನೆಯ ಇಯತ್ತೆ ಓದುತ್ತಾನೆ. ಲಾತೂರ ಪ್ಯಾಟರ್ನ್ ಅಂದರೆ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ಬೆಳಗಿನಿಂದ ರಾತ್ರಿಯವರೆಗೆ ಕ್ಲಾಸು, ಆದಿತ್ಯವಾರ ಟೆಸ್ಟು. ತಂಗಿಯ ಮಗಳು ಉದಗೀರದ ಪಶುವೈದ್ಯಕೀಯ ಕಾಲೇಜಿನಲ್ಲಿದ್ದಾಳೆ, ರಾತ್ರಿ ಡ್ಯೂಟಿಯಲ್ಲಿ ಹಸು ಈಯಲು ಕಷ್ಟಪಡುತ್ತಿದ್ದರೆ ಆಕೆ ಫೋನು ಸಹ ಎತ್ತುವುದಿಲ್ಲ. ಎದುರು ಮನೆಯ ಮರಾಠಿ ಹುಡುಗ ಭಜನೆಯಲ್ಲಿ ಪಖವಾಜ ನುಡಿಸುತ್ತಾನೆ. ಆಷಾಢ ಬಂದರೆ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಬಿಡುತ್ತಾನೆ. ಕಾಕಾನ ಮಗ ಹೈದರಾಬಾದಿನಲ್ಲಿ ರಾತ್ರಿ ಶಿಫ್ಟಿನವನು. ಎಲ್ಲ ಸಲವೂ ತಪ್ಪದೆ ಕೂಡುವವಳು ನನ್ನ ಮಗಳೊಬ್ಬಳು.

ಆಟ ನಡೆಯುವುದು ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ, ಜಗಳ ಎರಡರಲ್ಲೂ. 1956ರವರೆಗೆ ಈ ಭಾಗ ಬೀದರ್ ಜಿಲ್ಲೆಯೊಳಗೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಉಸ್ಮಾನಾಬಾದಿಗೆ (ಈಗಿನ ಧಾರಾಶಿವ) ಸೇರಿ ಮುಂಬೈ ರಾಜ್ಯಕ್ಕೆ ಹೋದವು, 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಹೀಗೇ ನಾವೆಲ್ಲ ಬೆಳೆದದ್ದು. ಮಂತ್ರವಾದಿ ಮಂತ್ರ ಹಾಕುವಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಅದೇ ನಡೆಯುತ್ತದೆ.

ಬರದವರ ಪಾತ್ರಕ್ಕೆ ಏನು ಮಾಡಬೇಕೆಂಬುದರ ಬಗ್ಗೆ ಈ ಆಟದವರಲ್ಲಿ ಹಲವು ರೂಢಿಗಳಿವೆ. ಪಕ್ಕದವನ ಕೈಗೆ ಕೊಟ್ಟು ಆಡಿಸುವುದು ಒಂದು. ಪುಣೆಯಲ್ಲಿ ನಾನು ಆಟ ಕಲಿತ ಮೇಜಿನಲ್ಲಿ ಹಾಗೇ ನಡೆಯುತ್ತಿತ್ತು. ಪರೀಕ್ಷೆ ಮುಗಿಸಿಕೊಂಡು ಬಂದ ಗೆಳೆಯನೊಬ್ಬನಿಗೆ ಅವನ ಪಾತ್ರ ಸತ್ತುಹೋದ ಸುದ್ದಿ ಬಾಗಿಲಲ್ಲೇ ಸಿಕ್ಕಿತು. ಎರಡು ವರ್ಷ ಪ್ರೀತಿಯಿಂದ ಬೆಳೆಸಿದ ಯೋಧ. ದಾಳ ಉರುಳಿಸಿದ್ದು ಬೇರೆಯವನ ಕೈ. ಅವನು ಸಿಟ್ಟು ಮಾಡಲಿಲ್ಲ, ಚಹಾ ಕುಡಿದು ಹೋದ, ಮತ್ತೆ ಬರಲಿಲ್ಲ. ಅಂದಿನಿಂದ ಆ ದಾರಿ ನನಗೆ ಬೇಡವಾಯಿತು. ಪಾತ್ರವನ್ನು ಮಾತಿಲ್ಲದ ಗೊಂಬೆಯ ಹಾಗೆ ಗುಂಪಿನ ಹಿಂದೆ ನಡೆಸಿಕೊಂಡು ಹೋಗುವುದು ಇನ್ನೊಂದು. ಮಂಜು ಕವಿದು ಮಾಯವಾದ ಅನ್ನುವುದು ಮತ್ತೊಂದು. ಮಾಯದ ನಿದ್ದೆಗೆ ಹಾಕುವವರೂ ಇದ್ದಾರೆ. ತೆಲುಗಿನ ಹೆಣ್ಣುಮಕ್ಕಳ ಹಾಡಿನಲ್ಲಿ ಲಕ್ಷ್ಮಣ ಕಾಡಿಗೆ ಹೋದ ಹದಿನಾಲ್ಕು ವರ್ಷವೂ ಊರ್ಮಿಳೆ ಮಲಗಿದ್ದಳಂತೆ. ಹೇಳಲಾಗದಷ್ಟು ದುಃಖ ಆ ನಿದ್ದೆಯಲ್ಲಿದೆ, ಆದ್ದರಿಂದ ಅದಕ್ಕೆ ತೂಕವಿದೆ. ನಮ್ಮ ಆಟದ ನಿದ್ದೆಗೆ ಆ ತೂಕ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಸುಲಭವಾಗಿ ಬಾಯಿಗೆ ಬರುವುದು, ಛತ್ರದಲ್ಲಿ ಕುಡಿದು ಬಿದ್ದಿದ್ದಾನೆ ಎಂಬ ಮಾತು. ನಗು ಬರುತ್ತದೆ, ಆಟ ಮುಂದೆ ಹೋಗುತ್ತದೆ. ಆದರೆ ನನಗೆ ಅದನ್ನು ಹೇಳಲು ಆಗುವುದಿಲ್ಲ. ಅದೇ ಹೊತ್ತಿಗೆ ದೊಡ್ಡಪ್ಪನ ಮಗ ಮೊಳಕಾಲುದ್ದ ತಣ್ಣೀರಿನಲ್ಲಿ ನಿಂತು ಬದುವಿಗೆ ಮಣ್ಣು ಎಳೆಯುತ್ತಿರುತ್ತಾನೆ. ಕಥೆಯೊಳಗೆ ಅವನು ಕುಡಿದು ಬಿದ್ದಿದ್ದಾನೆ ಎಂದರೆ ಯಾರಿಗೆ ಹೇಳಿದಂತಾಯಿತು? ಪಾತ್ರ ಬೇರೆ ಮನುಷ್ಯ ಬೇರೆ ಎಂದು ವಾದಿಸಬಹುದು. ಆಡಿದವರಿಗೆ ಗೊತ್ತು, ಅಷ್ಟು ಬೇರೆಯಲ್ಲ.

ಒಂದು ವಿಷಯದಲ್ಲಿ ಗೈಗ್ಯಾಕ್ಸನ ಮಾತು ನನಗೆ ಬಹಳ ಒಪ್ಪಿಗೆಯಾಯಿತು. 1979ರಲ್ಲಿ ಬಂದ ಡಿಎಂಗಳ ಕೈಪಿಡಿಯಲ್ಲಿ ಅವನು ಕಾಲದ ಲೆಕ್ಕ ಇಡಲೇಬೇಕೆಂದು ಒತ್ತಿ ಹೇಳುತ್ತಾನೆ. ಆಡದೆ ಕಳೆದ ದಿನಗಳೂ ಪಾತ್ರಗಳ ಪಾಲಿಗೆ ದಿನಗಳೇ. ಅಂದರೆ ಬರದವನ ಗಡಿಯಾರ ನಿಂತಿಲ್ಲ. ಅವನು ಎಲ್ಲೋ ಇದ್ದಾನೆ, ಏನೋ ಮಾಡುತ್ತಿದ್ದಾನೆ, ಅವನಿಗೂ ಹೊತ್ತು ಮುಳುಗಿ ಹೊತ್ತು ಮೂಡುತ್ತಿದೆ. ಏನು ಮಾಡುತ್ತಿದ್ದಾನೆ ಎಂಬುದೊಂದೇ ಹುಡುಕಬೇಕಾದದ್ದು.

ಅದನ್ನು ಹುಡುಕುವುದು ನನಗೆ ಬಂದದ್ದು ಕೈಪಿಡಿಗಳಿಂದಲ್ಲ, ಮಹಾಭಾರತದಿಂದ. ನಮ್ಮ ಊರಲ್ಲಿ ಶ್ರೀಧರ ಕವಿಯ ಪಾಂಡವಪ್ರತಾಪದ ಪೋಥಿ ಓದುತ್ತಿದ್ದರು. ಓದು ಮರಾಠಿ, ಮನೆಗೆ ಬಂದ ಮೇಲೆ ಅವ್ವ ಹೇಳುತ್ತಿದ್ದದ್ದು ಕನ್ನಡ. ಮುಂದೆ ಕುಮಾರವ್ಯಾಸ ಓದಿದೆ, ವ್ಯಾಸಭಾರತದ ಕನ್ನಡ ಅನುವಾದವನ್ನೂ ಓದಿದೆ. ಆಟ ನಡೆಸಲು ತೊಡಗಿದ ಮೇಲೆ ಕಣ್ಣಿಗೆ ಬಿದ್ದದ್ದು ಇದು: ಇಡೀ ಭಾರತದಲ್ಲಿ ಹೆಜ್ಜೆಹೆಜ್ಜೆಗೂ ಯಾರೋ ಒಬ್ಬ ಇರಬೇಕಾದಲ್ಲಿ ಇಲ್ಲ, ಮತ್ತು ಅವನು ಯಾಕಿಲ್ಲ ಎಂಬುದಕ್ಕೆ ಕವಿ ಬೆವರು ಸುರಿಸಿ ಉತ್ತರ ಕಟ್ಟಿದ್ದಾನೆ.

ದ್ಯೂತದ ದಿನ ಕೃಷ್ಣ ಎಲ್ಲಿದ್ದ? ದ್ರೌಪದಿಗೆ ಸೀರೆ ಅಕ್ಷಯವಾಯಿತು ಎಂಬುದು ಬೇರೆ ಮಾತು. ಸಭೆಯಲ್ಲಿ ಅವನಿರಲಿಲ್ಲ. ಅವನಿದ್ದಿದ್ದರೆ ಆಟವೇ ನಡೆಯುತ್ತಿರಲಿಲ್ಲ. ವನಪರ್ವದಲ್ಲಿ, ಕಾಮ್ಯಕವನಕ್ಕೆ ಕೃಷ್ಣ ಬಂದಾಗ, ಧರ್ಮರಾಯ ಇದನ್ನು ನೇರವಾಗಿ ಕೇಳುತ್ತಾನೆ. ಕೃಷ್ಣನ ಉತ್ತರ ಒಂದು ಸಾಲಿನದ್ದಲ್ಲ. ರಾಜಸೂಯದಲ್ಲಿ ಶಿಶುಪಾಲ ಸತ್ತನಲ್ಲ, ಅದರ ಸೇಡಿಗೆ ಸಾಲ್ವನು ಸೌಭವೆಂಬ ಆಕಾಶದಲ್ಲಿ ತೇಲುವ ಪಟ್ಟಣವನ್ನು ಹತ್ತಿ ದ್ವಾರಕೆಗೆ ಮುತ್ತಿಗೆ ಹಾಕಿದ. ನಾನು ಇಂದ್ರಪ್ರಸ್ಥದಲ್ಲಿ ನಿಮ್ಮ ಯಾಗಕ್ಕೆ ಬಂದಿದ್ದಾಗ ಊರಿನ ತೋಟಗಳು ಹಾಳಾದವು, ಪ್ರದ್ಯುಮ್ನ ತಡೆದು ನಿಂತ, ಹಿಂತಿರುಗಿದ ನಾನು ಸಾಲ್ವನನ್ನು ಬೆನ್ನಟ್ಟಿ ಸಮುದ್ರದ ನಡುವೆ ಹಿಡಿದೆ, ಅವನ ಮಾಯೆಯಲ್ಲಿ ನನ್ನ ತಂದೆಯೇ ಸತ್ತುಬಿದ್ದಂತೆ ಕಂಡು ಒಂದು ಗಳಿಗೆ ಕೈ ಸೋತೆ, ಕೊನೆಗೆ ಚಕ್ರದಿಂದ ಸೌಭವನ್ನು ಸೀಳಿದೆ. ಅಷ್ಟರಲ್ಲಿ ನಿಮ್ಮಲ್ಲಿ ಎಲ್ಲ ಮುಗಿದಿತ್ತು. ಹೀಗೆ ಅಧ್ಯಾಯಗಟ್ಟಲೆ ಹೋಗುತ್ತದೆ.

ಈ ಉತ್ತರ ನನಗೆ ಬಹಳ ಹಿಡಿಸುತ್ತದೆ. ಇಲ್ಲದವನನ್ನು ಸುಮ್ಮನಿದ್ದವನು ಎಂದು ಮಾಡಲಿಲ್ಲ. ಅವನೂ ಯುದ್ಧದಲ್ಲಿದ್ದ, ಅದೂ ಇವರ ಯಾಗಕ್ಕೆ ಬಂದುದರಿಂದಲೇ ಎದ್ದ ಯುದ್ಧ. ಇವರ ಕಥೆಗೂ ಅವನ ಕಥೆಗೂ ಒಂದೇ ಬೇರು. ಕೇಳಿದವನಿಗೂ ಉತ್ತರ ಕೊಟ್ಟವನಿಗೂ ಅದರಿಂದ ಮುಖ ಉಳಿಯಿತು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನು ಬರೆದುಕೊಂಡಿರುವ ನಿಯಮ ಇಲ್ಲಿಂದ ಬಂದದ್ದು: ಬರದವನಿಗೆ ಅವನ ಸಾಲ್ವನನ್ನು ಹುಡುಕಿ ಕೊಡು.

ಕುಳ್ಳನಿಗೆ ಸಾಲ್ವ ಸಿಕ್ಕಿದ್ದು ನಳದುರ್ಗದಲ್ಲಿ. ಉಮರ್ಗಾದಿಂದ ಸೊಲ್ಲಾಪುರದ ಹಾದಿಯಲ್ಲಿ ಸಿಗುವ ಆ ಕೋಟೆಯೊಳಗೆ ಬೋರಿ ಹೊಳೆಗೆ ಕಟ್ಟಿದ ಒಡ್ಡು ಇದೆ. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದ್ದು. ಒಡ್ಡಿನ ಹೊಟ್ಟೆಯೊಳಗೇ ಕೋಣೆಗಳು, ಅದಕ್ಕೆ ಪಾಣಿಮಹಲ್ ಎನ್ನುತ್ತಾರೆ. ಮಳೆಗಾಲದಲ್ಲಿ ಮೇಲಿನಿಂದ ನೀರು ಧುಮುಕುವಾಗ ಒಳಗೆ ನಿಂತವರಿಗೆ ಮೈ ಒದ್ದೆಯಾಗುವುದಿಲ್ಲ, ನೀರಿನ ಪರದೆಯ ಆಚೆ ಹೊಳೆ ಕಾಣುತ್ತದೆ. ನಮ್ಮ ಕಥೆಯಲ್ಲಿ ಅಂಥದೊಂದು ಒಡ್ಡು ಕಟ್ಟಿದೆ. ಅದರ ತೂಬು ರಾತ್ರಿ ಮಾತ್ರ ತೆರೆಯುತ್ತದೆ, ಹಗಲು ನೀರಿಗೆ ಕಾವಲಿರುವ ಭೂತವಿದೆ. ತೂಬಿನ ಕಲ್ಲಿನ ಗುಟ್ಟು ಬಲ್ಲವರು ಕುಳ್ಳರೊಬ್ಬರೇ. ಕೆಳಗಿನ ಏಳು ಹಳ್ಳಿ ಆ ನೀರನ್ನೇ ನಂಬಿವೆ. ಹೀಗಾಗಿ ದೊಡ್ಡಪ್ಪನ ಮಗನ ರಾತ್ರಿ ಪಾಳಿ ಬಂದ ವಾರ ಕುಳ್ಳ ಗವಿಯ ಬಾಯಿಂದ ಹಿಂದೆ ಸರಿಯುತ್ತಾನೆ, ದೂರದಲ್ಲಿ ಕೊಂಬು ಊದಿದ ಸಪ್ಪಳ ಅವನಿಗೆ ಮಾತ್ರ ಕೇಳಿಸುತ್ತದೆ, ಜೊತೆಗಾರರಿಗೆ ಹೇಳಿ ಹೊರಡುತ್ತಾನೆ. ಓಡಿಹೋಗಲಿಲ್ಲ, ಹೇಳಿ ಹೋದ. ಇದು ಮುಖ್ಯ.

ಮೊದಲ ಸಲ ಇದನ್ನು ಓದಿ ಹೇಳಿದ ಮರುದಿನ ದೊಡ್ಡಪ್ಪನ ಮಗ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತು ಕೇಳಿದ, “ಅಣ್ಣಾ, ನಾ ಇಲ್ಲದಾಗ ನನ್ನ ಕುಳ್ಳ ಏನ್ ಮಾಡ್ದ?”

“ನೀರ್ ಬಿಟ್ಟ. ಏಳು ಹಳ್ಳಿಗಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಾ ಹೊಲಕ್ಕ ಮುಟ್ಟ್ತೇನ್?” ಅಂದ. ಮುಟ್ಟಿತು ಎಂದೆ. ಅದಾದ ಮೇಲೆ ಆ ಒಡ್ಡಿನ ಬಗ್ಗೆ ಅವನೇ ನನಗಿಂತ ಹೆಚ್ಚು ಹೇಳತೊಡಗಿದ: ಕಾಲುವೆ ಎಲ್ಲಿ ತಿರುಗುತ್ತದೆ, ಕೊನೆಯ ಹಳ್ಳಿಗೆ ನೀರು ಯಾಕೆ ತಡವಾಗುತ್ತದೆ, ಮೇಲಿನ ಹೊಲದವರು ಹೇಗೆ ಬದು ಒಡೆಯುತ್ತಾರೆ. ಬರದೆ ಇದ್ದ ವಾರಗಳಲ್ಲೇ ಅವನು ಆಟದೊಳಗೆ ಆಳವಾಗಿ ಇಳಿದದ್ದು.

ಕುರುಕ್ಷೇತ್ರದ ಯುದ್ಧಕ್ಕೆ ಬರದ ಬಲರಾಮನದು ಇನ್ನೊಂದು ಬಗೆ. ಭೀಮನೂ ಅವನ ಶಿಷ್ಯ, ದುರ್ಯೋಧನನೂ ಅವನ ಶಿಷ್ಯ. ಯಾರ ಮೇಲೆ ಗದೆ ಎತ್ತಬೇಕು? ಅವನು ಸರಸ್ವತಿಯ ದಂಡೆ ಹಿಡಿದು ತೀರ್ಥಯಾತ್ರೆಗೆ ಹೊರಟುಬಿಟ್ಟ. ಪುಷ್ಯ ನಕ್ಷತ್ರದಲ್ಲಿ ಹೊರಟವನು ಶ್ರವಣ ನಕ್ಷತ್ರದಲ್ಲಿ, 42ನೆಯ ದಿನ, ಗದಾಯುದ್ಧದ ಹೊತ್ತಿಗೆ ಬಂದು ನಿಂತ. ವ್ಯಾಸರು ಆ ಯಾತ್ರೆಯನ್ನು ಒಂದು ಮಾತಿನಲ್ಲಿ ಮುಗಿಸದೆ ತೀರ್ಥತೀರ್ಥದ ಕಥೆ ಹೇಳುತ್ತಾರೆ. ಅತ್ತ ತೊಡೆ ಮುರಿಯುವ ಗಳಿಗೆ ಕಾಯುತ್ತಿದೆ, ಇತ್ತ ಕೇಳುಗ ಬಲರಾಮನ ಜೊತೆ ನದಿಯಗುಂಟ ನಡೆಯಬೇಕು. ಅವಸರದವರಿಗೆ ಇದು ಬೇಸರ ತರುತ್ತದೆ. ನನಗೆ ಇದರಲ್ಲಿ ದೊಡ್ಡ ಮರ್ಯಾದೆ ಕಾಣುತ್ತದೆ. ಹೋರಾಟದಲ್ಲಿ ಇಲ್ಲದವನ ಹೆಜ್ಜೆಗಳಿಗೂ ಇಷ್ಟು ಜಾಗ ಕೊಟ್ಟ ಕವಿ ಅವರು. ಬಂದವನು ಸುಮ್ಮನೆ ಬರಲಿಲ್ಲ, ತೊಡೆಗೆ ಹೊಡೆದದ್ದು ಅಧರ್ಮ ಎಂದು ನೇಗಿಲೆತ್ತಿದ. ಹದಿನೆಂಟು ದಿನ ರಕ್ತ ನೋಡದೆ ಬಂದವನಿಗಷ್ಟೇ ಅದು ಅಷ್ಟು ಚೊಕ್ಕವಾಗಿ ಕಂಡಿತು. ಒಳಗಿದ್ದವರಿಗೆ ಕಣ್ಣು ಮಂಜಾಗಿತ್ತು.

ಪಖವಾಜದ ಹುಡುಗನಿಗೆ ಇದನ್ನೇ ಕೊಟ್ಟೆ. ಅವನ ಪಾತ್ರ ಊರೂರು ತಿರುಗುವ ಹಾಡುಗಾರ. ಆಷಾಢದಲ್ಲಿ ಹುಡುಗ ಪಂಢರಪುರದ ವಾರಿಗೆ ಹೊರಟರೆ ಹಾಡುಗಾರನೂ ಯಾತ್ರೆಗೆ ಹೊರಡುತ್ತಾನೆ. ಹುಡುಗ ಬಂದ ಮೇಲೆ ಮೊದಲು ಅವನ ಮಾತು. ದಾರಿಯಲ್ಲಿ ಕಂಡದ್ದು, ಯಾರ ಮನೆಯಲ್ಲಿ ಉಂಡದ್ದು, ಯಾವ ಊರಿನಲ್ಲಿ ಕಾಲಿಗೆ ಎಣ್ಣೆ ತಿಕ್ಕಿದ ಅಜ್ಜ, ಎಲ್ಲ ಹೇಳುತ್ತಾನೆ. ಯಾವುದು ವಾರಿಯದು, ಯಾವುದು ಆಟದ್ದು ಎಂದು ನಾವು ಕೇಳುವುದಿಲ್ಲ. ಆಮೇಲೆ ಅವನು ಇಲ್ಲದಾಗ ನಾವು ಮಾಡಿದ್ದನ್ನು ಅವನ ಮುಂದೆ ಒಪ್ಪಿಸುತ್ತೇವೆ. ಒಮ್ಮೆ ಶರಣು ಬಂದ ಕಳ್ಳರನ್ನು ನಮ್ಮವರು ಕಾಡಿನಲ್ಲಿ ಕಟ್ಟಿಹಾಕಿ ಬಿಟ್ಟುಬಂದಿದ್ದರು. ಅಲ್ಲಿ ಕೂತವರಿಗೆ ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಹಾಡುಗಾರ ಕೇಳಿದ ಕೂಡಲೇ ಎದ್ದ. ಹಿಂದಿರುಗಿ ಹೋಗಿ ಅವರನ್ನು ಬಿಡಿಸಿ ತರುವತನಕ ಕಥೆ ಮುಂದೆ ಹೋಗಲಿಲ್ಲ.

ಅರ್ಜುನನ ಗೈರುಹಾಜರಿಯಿಂದ ಕಲಿತದ್ದು ಇನ್ನೂ ಹೆಚ್ಚು. ಅಸ್ತ್ರಕ್ಕಾಗಿ ಅವನು ಐದು ವರ್ಷ ಹೊರಗೆ ಉಳಿದ. ಕಿರಾತನೊಡನೆ ಕಾದಿದ್ದು, ಇಂದ್ರಲೋಕಕ್ಕೆ ಹೋದದ್ದು, ಊರ್ವಶಿಯ ಶಾಪ ಎಲ್ಲ ಆ ವರ್ಷಗಳವು. ಆ ಶಾಪ ಅವನಿಗೆ ಅಜ್ಞಾತವಾಸದ ವೇಷವಾಗಿ ಒದಗಿಬಂತು, ವಿರಾಟನ ಮನೆಯ ಬೃಹನ್ನಳೆ ಹುಟ್ಟಿದ್ದೇ ಹಾಗೆ. ಇತ್ತ ಉಳಿದವರೂ ಅವನ ದಾರಿ ಕಾಯುತ್ತ ಕೂಡಲಿಲ್ಲ. ಲೋಮಶರ ಜೊತೆ ತೀರ್ಥಗಳನ್ನು ಸುತ್ತಿದರು. ಭೀಮ ಸೌಗಂಧಿಕದ ಹೂವಿಗೆ ಹೋದದ್ದು, ದಾರಿಯಲ್ಲಿ ಮುದಿ ಕೋತಿಯ ಬಾಲ ಎತ್ತಲಾರದೆ ಅಣ್ಣ ಹನುಮಂತನನ್ನು ಗುರುತಿಸಿದ್ದು ಅರ್ಜುನನಿಲ್ಲದ ಆ ಕಾಲದಲ್ಲೇ. ಬಿಲ್ಲುಗಾರ ಪಕ್ಕದಲ್ಲಿದ್ದಿದ್ದರೆ ಭೀಮನೊಬ್ಬನಿಗೇ ಅಷ್ಟು ದೊಡ್ಡ ಪ್ರಸಂಗ ಸಿಗುತ್ತಿತ್ತೋ ಇಲ್ಲವೋ. ನನ್ನ ಮಗಳ ಪಾತ್ರ ಸದಾ ದೊಡ್ಡವರ ಹಿಂದೆ ನಡೆಯುವ ಸಣ್ಣ ಬಿಲ್ಲುಗಾರ್ತಿ. ಉಳಿದವರೆಲ್ಲ ಬರದೆ, ಆಕೆಯೂ ಅಣ್ಣನ ಮಗನೂ ಇಬ್ಬರೇ ಕೂತ ಒಂದು ರಾತ್ರಿ ಆಕೆ ಒಬ್ಬಂಟಿಯಾಗಿ ಮಾಟಗಾತಿಯ ಜೊತೆ ಮಾತಿಗೆ ಕೂತು ಕತ್ತಿ ಹಿರಿಯದೆ ಒಂದು ಊರನ್ನು ಉಳಿಸಿದಳು. ದೊಡ್ಡವರಿದ್ದಿದ್ದರೆ ಆಕೆಯ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಕುಳ್ಳನ ನೀರೂ ಹೀಗೇ ಒದಗಿತು. ಉದಗೀರದ ಕೋಟೆಯ ಹಾಗೆ ಆಳ ಕಂದಕವಿರುವ ಒಂದು ಕೋಟೆಯಲ್ಲಿ ನಮ್ಮವರು ಸಿಕ್ಕಿಬಿದ್ದಿದ್ದರು. ಎಲ್ಲ ಬಾಗಿಲುಗಳಲ್ಲೂ ವೈರಿಗಳು. ಕಾಲುವೆಗಳ ಲೆಕ್ಕ ಬಲ್ಲ ಕುಳ್ಳ ಕಂದಕಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ. ಆ ದಾರಿಯೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲರೂ ನೀರಿನ ಸುರಂಗದಿಂದ ಹೊರಬಂದರು.

ಎಲ್ಲ ಗೈರುಹಾಜರಿಗೂ ಇಷ್ಟು ದೊಡ್ಡ ಕಾರಣ ಬೇಕಿಲ್ಲ. ರಾಮನನ್ನು ಕಾಡಿಗಟ್ಟುವ ಹೊತ್ತಿಗೆ ಭರತ ಶತ್ರುಘ್ನರು ಎಲ್ಲಿದ್ದರು? ಕೇಕಯದಲ್ಲಿ, ಸೋದರಮಾವನ ಊರಲ್ಲಿ. ಅಷ್ಟೇ ಸಾಕಾಯಿತು. ಮಕ್ಕಳು ಮಾಮಾನ ಊರಿಗೆ ಹೋಗುವುದು ನಮ್ಮಲ್ಲಿ ಯಾರೂ ಕೇಳದ ಕಾರಣ, ಅದೊಂದು ಸಣ್ಣ ಹೋಗುವಿಕೆಯ ಮೇಲೆ ಇಡೀ ರಾಮಾಯಣ ನಿಂತಿದೆ. ಲಾತೂರಿನ ಹುಡುಗನ ಟೆಸ್ಟುಗಳಿಗೆ ನಾನು ಇಂಥ ಸರಳ ಕಾರಣವನ್ನೇ ಇಡುತ್ತೇನೆ, ಅವನ ಪಾತ್ರ ಗುರುಮನೆಯಲ್ಲಿ ಬೀಗ ತೆಗೆಯುವ ವಿದ್ಯೆ ಕಲಿಯುತ್ತಿದ್ದಾನೆ. ಪಶುವೈದ್ಯೆಯ ಪಾತ್ರ ಕಾಡಿನ ಪ್ರಾಣಿಗಳ ಮಾತು ಬಲ್ಲವಳು, ಹಿಂಡು ಕರೆದರೆ ಹೋಗಲೇಬೇಕಾದವಳು. ಒಂದು ಇರುಳು ನಮಗೆ ಆಕೆ ಬಹಳ ಬೇಕಾಗಿದ್ದಾಗ ದೇವಣಿ ತಳಿಯ ಆಕಳೊಂದು ಕಷ್ಟದಲ್ಲಿತ್ತು. ಮರುದಿನ ಆಕೆಯ ಮೆಸೇಜು ಬಂತು: “ಮಾಮಾ, ಕರು ಉಳೀತು. ನಿಮ್ಮ ಕಡಿ ಯಾರರೇ ಸತ್ತರೇನು?” ಯಾರೂ ಸತ್ತಿರಲಿಲ್ಲ.

ಅಮೆರಿಕದ ಬೆನ್ ರಾಬಿನ್ಸ್ ಎಂಬ ಆಟಗಾರ ವೆಸ್ಟ್ ಮಾರ್ಚಸ್ ಎಂಬ ತನ್ನ ಆಟಕ್ಕೆ ಬೇರೊಂದು ದಾರಿ ಕಂಡುಕೊಂಡ. ಗೊತ್ತಾದ ದಿನವಿಲ್ಲ, ಗೊತ್ತಾದ ಗುಂಪಿಲ್ಲ, ಯಾರು ಬಿಡುವಾಗಿದ್ದಾರೋ ಅವರು ಊರಿನಿಂದ ಹೊರಟು ಆಟ ಮುಗಿಯುವುದರೊಳಗೆ ಊರಿಗೆ ಮರಳಬೇಕು. ಬರದವರು ಊರಲ್ಲಿದ್ದರು ಎಂದರೆ ಆಯಿತು, ವಿವರಣೆಯ ಗೊಡವೆಯೇ ಇಲ್ಲ. ಜಾಣತನದ ಏರ್ಪಾಡು. ಆದರೆ ಅದು ಊರಲ್ಲಿ ಜನ ಇರುತ್ತಾರೆ ಎಂದು ನಂಬಿ ಮಾಡಿದ ಏರ್ಪಾಡು. ನಮ್ಮಲ್ಲಿ ಹೊರಗಿದ್ದವರೇ ಹೆಚ್ಚು, ಊರೇ ಅವರ ದಾರಿ ಕಾಯುತ್ತದೆ. ನಮಗೆ ಅವರು ಎಲ್ಲಿದ್ದಾರೆ ಎಂದು ಹೇಳಿಕೊಳ್ಳುವುದು ಬೇಕು.

ಹೆಚ್ಚುಕಡಿಮೆ ಎಲ್ಲರೂ ಬರುವ ದಿನವೂ ಒಂದಿದೆ. ಎಳ್ಳ ಅಮಾವಾಸ್ಯೆ. ಮರಾಠಿಯಲ್ಲಿ ವೇಳ್ ಅಮಾವಾಸ್ಯೆ ಎನ್ನುವ ಇದನ್ನು ಮಹಾರಾಷ್ಟ್ರದಲ್ಲಿ ಲಾತೂರ, ಧಾರಾಶಿವದ ಸೀಮೆಯವರಷ್ಟು ಜೋರಾಗಿ ಬೇರೆಯವರು ಮಾಡುವುದಿಲ್ಲ. ಪುಣೆ, ಹೈದರಾಬಾದಿನಿಂದ ಬಸ್ಸು ತುಂಬಿ ಬರುತ್ತವೆ. ಊರು ಬರಿದಾಗಿ ಎಲ್ಲರೂ ಹೊಲದಲ್ಲಿ. ಜೋಳದ ಕಣಿಕೆಯಿಂದ ಗುಡಿಸಲು ಕಟ್ಟಿ ಅದರೊಳಗೆ ಪಾಂಡವರೆಂದು ಐದು ಕಲ್ಲುಗಳಿಗೆ ಸುಣ್ಣ ಬಳಿದು ಕೂಡಿಸಿ ಪೂಜೆ ಮಾಡುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯ ಅಂಬಲಿ. ಊಟವಾದ ಮೇಲೆ ಮಾವಿನ ಗಿಡದ ಕೆಳಗೆ ಚಾಪೆ ಹಾಸಿ ಆಡುತ್ತೇವೆ. ಅಂದು ಕುಳ್ಳನೂ ಹಾಡುಗಾರನೂ ಕಳ್ಳನೂ ವೈದ್ಯೆಯೂ ಇರುತ್ತಾರೆ. ಕಥೆ ಆ ದಿನ ಹೆಚ್ಚು ಮುಂದೆ ಹೋಗುವುದಿಲ್ಲ, ಒಬ್ಬರಿಗೊಬ್ಬರು ಎಲ್ಲಿದ್ದೆವೆಂದು ಹೇಳಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ನನಗೆ ವರ್ಷದ ಅತ್ಯಂತ ಇಷ್ಟದ ಆಟ ಅದು.

ಆದರೆ ಭಾರತದ ಕೊನೆಯಲ್ಲಿ ಒಂದು ಪ್ರಸಂಗವಿದೆ, ಅದರಲ್ಲಿ ಧರ್ಮರಾಯನ ಜೊತೆ ನಾನು ಹೋಗಲಾರೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬೀಳುತ್ತಾಳೆ, ಸಹದೇವ, ನಕುಲ, ಅರ್ಜುನ ಒಬ್ಬೊಬ್ಬರಾಗಿ ಬೀಳುತ್ತಾರೆ. ಪ್ರತಿ ಸಲವೂ ಭೀಮ ಕೇಳುತ್ತಾನೆ, ಯಾಕೆ ಬಿದ್ದರು ಎಂದು. ಧರ್ಮರಾಯ ತಿರುಗಿ ನೋಡದೆ ಕಾರಣ ಹೇಳುತ್ತಾನೆ: ಆಕೆಗೆ ಅರ್ಜುನನ ಮೇಲೆ ಒಲವು ಹೆಚ್ಚು, ಇವನಿಗೆ ಜಾಣ್ಮೆಯ ಗರ್ವ, ಇವನಿಗೆ ರೂಪದ್ದು, ಇವನು ಬಡಾಯಿಗಾರ. ಕೊನೆಗೆ ಬಿದ್ದ ಭೀಮನಿಗೂ ನೀನು ಹೊಟ್ಟೆಬಾಕ ಎಂಬ ಮಾತು ಸಿಗುತ್ತದೆ. ಇಲ್ಲದವರಾದದ್ದಕ್ಕೆ ಅವರ ತಪ್ಪನ್ನೇ ಕಾರಣ ಮಾಡುವ ವಿವರಣೆ ಇದು. ಕುಮಾರವ್ಯಾಸ ಗದಾಪರ್ವಕ್ಕೇ ಕೈ ಬಿಟ್ಟ, ಮುಂದಿನದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದ. ಕುಮಾರವ್ಯಾಸ ಆ ಹಿಮದ ಹಾದಿಯನ್ನು ಬರೆದಿದ್ದರೆ ಹೇಗೆ ಬರೆಯುತ್ತಿದ್ದನೋ ಎಂದು ಬಹಳ ಸಲ ಯೋಚಿಸಿದ್ದೇನೆ.

ಇಲ್ಲದವರ ಮೇಲೇ ತಪ್ಪು ಹೊರಿಸುವುದು ನಮ್ಮ ಸೀಮೆಯಲ್ಲೂ ನಡೆದಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಮಲಗಿದ ಜನರ ಮೇಲೆ ಕಿಲ್ಲಾರಿಯ ಭೂಕಂಪದಲ್ಲಿ ಕಲ್ಲುಮಣ್ಣಿನ ಮನೆಗಳು ಕುಸಿದವು. ಔಸಾ, ಉಮರ್ಗಾ, ನಿಲಂಗಾ ತಾಲೂಕುಗಳ ಹಳ್ಳಿಗಳಲ್ಲಿ ಸಾವಿರಾರು ಜನ ಹೋದರು. ಆಮೇಲೆ ಯಾರ ಪಾಪ, ಯಾವ ತಪ್ಪು ಎಂದು ಹಿರಿಯರು ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಇರುವವರ ಬಾಯಿಂದ ಇಲ್ಲದವರ ತಪ್ಪು ಹೊರಡುವುದು ಎಷ್ಟು ಕ್ರೂರ ಎಂಬುದು ಅವತ್ತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಧರ್ಮರಾಯನ ಬಗ್ಗೆ ನನ್ನ ಸಿಟ್ಟು ಇಳಿಯುವುದು ಮುಂದಿನ ಪರ್ವದಲ್ಲಿ. ಸ್ವರ್ಗಕ್ಕೆ ಹೋಗಿ ನಿಂತವನು, ನನ್ನವರೆಲ್ಲಿ ಎಂದು ಕೇಳುತ್ತಾನೆ. ನರಕದಲ್ಲಿದ್ದಾರೆ ಎಂದು ತೋರಿಸಿದಾಗ, ಹಾಗಾದರೆ ನಾನೂ ಇಲ್ಲೇ ಇರುತ್ತೇನೆ ಎನ್ನುತ್ತಾನೆ. ಆ ಮಾತಿಗಾಗಿ ಅವನನ್ನು ಒಪ್ಪುತ್ತೇನೆ.

ಹೈದರಾಬಾದಿನ ತಮ್ಮ ಬರುವುದು ಬಿಟ್ಟು ಬಹಳ ಕಾಲವಾಯಿತು. ಎಳ್ಳ ಅಮಾವಾಸ್ಯೆಗೂ ಬರುತ್ತಿಲ್ಲ. ಜಗಳವೇನೂ ಆಗಿಲ್ಲ. ಶಿಫ್ಟು, ಸಾಲ, ಸಣ್ಣ ಮಗು. ಫೋನು ಮಾಡಿದರೆ, “ಅಣ್ಣಾ, ನನ್ನ ಪಾತ್ರ ಸಾಯಿಸಿಬಿಡ್ರಿ, ನಿಮಗ ಅಡಚಣಿ ಬ್ಯಾಡ” ಅನ್ನುತ್ತಾನೆ. ಆಟದವರಲ್ಲಿ ಅದು ಮರ್ಯಾದೆಯ ಮಾತೇ. ನಾನು ಒಪ್ಪಿಲ್ಲ. ಅವನ ಮಂತ್ರವಾದಿ ಉತ್ತರದ ಒಂದು ಪಟ್ಟಣದಲ್ಲಿ ರಾತ್ರಿಯೆಲ್ಲ ದೀಪ ಉರಿಯುವ ಗೋಪುರದ ಕಾವಲಿಗಿದ್ದಾನೆ. ದೀಪ ಆರಿದರೆ ಆ ಕಡೆಯ ಹಡಗುಗಳು ಬಂಡೆಗೆ ಬಡಿಯುತ್ತವೆ. ಅಲ್ಲಿಂದ ಆಗಾಗ ನಮ್ಮವರಿಗೆ ಕಾಗದ ಬರುತ್ತದೆ, ಅದನ್ನು ನಾನು ಬರೆಯುತ್ತೇನೆ, ಮಗಳು ಓದುತ್ತಾಳೆ. ಕಳೆದ ಕಾಗದದಲ್ಲಿ ಗೋಪುರಕ್ಕೆ ಒಂದು ಮಗು ಬಂದು ಸೇರಿದೆ ಎಂದಿತ್ತು. ಓದಿದ್ದನ್ನು ಫೋಟೊ ತೆಗೆದು ಅವನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಮಗುವಿಗೆ ಯಾವ ಮಂತ್ರ ಮೊದಲು ಕಲಿಸಬೇಕು ಎಂದು ಅವನು ಅರ್ಧ ಪುಟ ಬರೆದಿದ್ದ. ದೀಪಕ್ಕೆ ಎಣ್ಣೆ ಎಲ್ಲಿಂದ ತರಿಸುತ್ತಾರೆ ಎಂಬುದನ್ನೂ ಕೇಳಿದ್ದ. ಮುಂದಿನ ಕಾಗದದಲ್ಲಿ ಅದನ್ನು ಬರೆಯಬೇಕು.